ಬಣ್ಣದ ಹಕ್ಕಿಯ ಫೋಟೋ ಬಂದಿದೆ, ನಂಬಬಹುದೇ? ಅರುಣಾಚಲದ ಒಂದು ಹಕ್ಕಿ ಹೇಳುವ ಪಾಠ

‘ನೂರು ವರ್ಷಕ್ಕೊಮ್ಮೆ ಕಾಣುವ ಹಕ್ಕಿ, ನೋಡಿದವರಿಗೆ ಅದೃಷ್ಟ, ಹತ್ತು ಜನರಿಗೆ ಕಳಿಸಿ.’ ಇಂಥ ಸಾಲಿನ ಜೊತೆಗೆ ಬಣ್ಣಬಣ್ಣದ ಪುಟ್ಟ ಹಕ್ಕಿಯ ಫೋಟೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇವುಗಳಲ್ಲಿ ಕೆಲವು ಎಐ ಸೃಷ್ಟಿ, ಕೆಲವಕ್ಕೆ ಯಾರೋ ಬಣ್ಣ ತುಂಬಿರುತ್ತಾರೆ. ಇನ್ನು ಕೆಲವು ನಿಜವಾದ ಹಕ್ಕಿಗಳೇ, ಆದರೆ ಹೆಸರು, ಊರು ಎರಡೂ ತಪ್ಪಾಗಿರುತ್ತವೆ.

ಹಾಗಾದರೆ ‘ಇಂಥದ್ದೊಂದು ಹಕ್ಕಿ ಇದೆ’ ಎಂದು ವಿಜ್ಞಾನಿಗಳು ಒಪ್ಪುವುದು ಹೇಗೆ? ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆ ಇದೆ.

ಯಾವುದು ಈ ಹಕ್ಕಿ?

ಹೆಸರು ಬುಗುನ್ ಲಿಯೋಸಿಕ್ಲಾ. ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ವನ್ಯಜೀವಿಧಾಮದ ಸುತ್ತ, ಸಮುದ್ರಮಟ್ಟದಿಂದ 2,000 ಮೀಟರ್‌ಗೂ ಎತ್ತರದ ಬೆಟ್ಟದ ಕಾಡಿನಲ್ಲಿ ಇದರ ವಾಸ. ಉದ್ದ ಸುಮಾರು 20 ಸೆಂಟಿಮೀಟರ್. ಹಸಿರು ಮಿಶ್ರಿತ ಬೂದು ಮೈ, ತಲೆಗೆ ಕಪ್ಪು ಟೋಪಿ, ಕಣ್ಣಿನ ಹತ್ತಿರ ಹಳದಿ. ರೆಕ್ಕೆಯಲ್ಲಿ ಹಳದಿ, ಕೆಂಪು, ಬಿಳಿ ಗುರುತುಗಳು, ಬಾಲದ ತುದಿ ಕೆಂಪು. ಫೋಟೋ ನೋಡಿದರೆ ‘ಇದೂ ಎಡಿಟ್ ಮಾಡಿದ್ದೇ ಇರಬೇಕು’ ಅನ್ನಿಸುವಷ್ಟು ಚೆಂದ!

1995ರಲ್ಲಿ ಇದನ್ನು ಮೊದಲು ಗಮನಿಸಿದವರು ರಮಣ ಆತ್ರೇಯ. ಅವರು ವೃತ್ತಿಯಲ್ಲಿ ಖಗೋಳ ವಿಜ್ಞಾನಿ, ಹಕ್ಕಿ ನೋಡುವುದು ಹವ್ಯಾಸ. ಯಾವ ಪುಸ್ತಕದ ಹಕ್ಕಿಗೂ ಇದು ಹೋಲುತ್ತಿರಲಿಲ್ಲ. ಆದರೂ ಅವರು ಆಗಲೇ ‘ಹೊಸ ಹಕ್ಕಿ ಸಿಕ್ಕಿತು’ ಎಂದು ಘೋಷಿಸಲಿಲ್ಲ. ಮತ್ತೆ ಅದು ಕಣ್ಣಿಗೆ ಬಿದ್ದದ್ದು 2005ರಲ್ಲಿ. ಜಗತ್ತಿಗೆ ತಿಳಿಸಿದ್ದು 2006ರಲ್ಲಿ, ಅಂದರೆ ಮೊದಲು ನೋಡಿದ 11 ವರ್ಷಗಳ ನಂತರ.

ಸಾಕ್ಷ್ಯ ಏನಿತ್ತು?

ಹೊಸ ಪ್ರಭೇದ ಎಂದು ಹೇಳಲು ಸಾಮಾನ್ಯವಾಗಿ ಒಂದು ಹಕ್ಕಿಯನ್ನು ಕೊಂದು, ಅದರ ದೇಹವನ್ನು ಮ್ಯೂಸಿಯಂನಲ್ಲಿ ಇಡುವುದು ಪದ್ಧತಿ. ಯಾರು ಬೇಕಾದರೂ ಮುಂದೆ ಪರೀಕ್ಷಿಸಲಿ ಎಂಬುದು ಇದರ ಉದ್ದೇಶ. ಆದರೆ ಆ ಹೊತ್ತಿಗೆ ಒಟ್ಟು ಕಂಡಿದ್ದೇ 14 ಹಕ್ಕಿಗಳು. ಒಂದನ್ನು ಕೊಂದರೂ ನಷ್ಟ ದೊಡ್ಡದು. ಹಾಗಾಗಿ ಬಲೆಯಲ್ಲಿ ಹಿಡಿದು, ಅಳತೆ ತೆಗೆದು, ಫೋಟೋ ತೆಗೆದು, ಉದುರಿದ ಗರಿಗಳನ್ನು ಇಟ್ಟುಕೊಂಡು ಹಕ್ಕಿಯನ್ನು ಬಿಟ್ಟುಬಿಟ್ಟರು. ಕೂಗಿನ ಧ್ವನಿಮುದ್ರಣವೂ ಇತ್ತು. ಇವೆಲ್ಲ ಸೇರಿ ಸಾಕ್ಷ್ಯವಾಯಿತು.

ಇಷ್ಟು ಎಚ್ಚರ ಏಕೆ?

ಏಕೆಂದರೆ ಕಣ್ಣಿಗೆ ಕಂಡ ಬಣ್ಣ ಮೋಸ ಮಾಡಬಹುದು. 1991ರಲ್ಲಿ ಸೊಮಾಲಿಯಾದ ಒಂದು ಹಕ್ಕಿಯನ್ನು ಕೊಲ್ಲದೆ, ಗರಿ ಮತ್ತು ಡಿಎನ್‌ಎ ಆಧಾರದಲ್ಲಿ ಹೊಸ ಪ್ರಭೇದ ಎಂದು ವಿಜ್ಞಾನಿಗಳೇ ಪ್ರಕಟಿಸಿದ್ದರು. 2008ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದು ಮೊದಲೇ ಗೊತ್ತಿದ್ದ ಹಕ್ಕಿಯ ಬೇರೆ ಬಣ್ಣದ ರೂಪ ಎಂದು ತಿಳಿಯಿತು. ಅಲ್ಲಿ ಸಿಕ್ಕಿದ್ದು ಒಂದೇ ಒಂದು ಹಕ್ಕಿ. ಈಗಲ್‌ನೆಸ್ಟ್‌ನಲ್ಲಿ ಹಾಗಲ್ಲ, ಒಂದೇ ಬಗೆಯ ಬಣ್ಣದ ಹಲವು ಹಕ್ಕಿಗಳು, ಜೋಡಿಗಳು ಕಂಡಿದ್ದವು. ಹೀಗಿರುವಾಗ ಹೆಸರಿಲ್ಲದ ಒಂದು ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ.

ಫಾರ್ವರ್ಡ್ ಮಾಡಿದರೆ ಹಕ್ಕಿಗೇನು ನಷ್ಟ?

ಬುಗುನ್ ಲಿಯೋಸಿಕ್ಲಾ ಈಗ ಐಯುಸಿಎನ್ ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಹಕ್ಕಿ. ಅದು ಉಳಿದಿರುವುದರಲ್ಲಿ ಅಲ್ಲಿನ ಜನರ ಪಾಲು ದೊಡ್ಡದು. ಹಕ್ಕಿಗೆ ಬುಗುನ್ ಬುಡಕಟ್ಟಿನ ಹೆಸರನ್ನೇ ಇಡಲಾಗಿದೆ. 2017ರಲ್ಲಿ ಸಿಂಗ್‌ಚುಂಗ್ ಗ್ರಾಮದ ಬುಗುನ್ ಸಮುದಾಯ ತಮ್ಮ ಕಾಡಿನ ಸುಮಾರು 17 ಚದರ ಕಿಲೋಮೀಟರ್ ಜಾಗವನ್ನು ಸಮುದಾಯ ಮೀಸಲು ಪ್ರದೇಶವಾಗಿಸಿತು.

ಇಷ್ಟು ಕಡಿಮೆ ಇರುವ ಹಕ್ಕಿ ಗೂಡು ಕಟ್ಟಿರುವ ಮರ ಎಲ್ಲಿದೆ ಎಂಬುದು ವೈರಲ್ ಆದರೆ? ಹಕ್ಕಿ ಹಿಡಿಯುವವರಿಗೂ ಅದೇ ದಾರಿ ತೋರಿಸುತ್ತದೆ. ಅದಕ್ಕೇ ಹಕ್ಕಿ ವೀಕ್ಷಕರ ಇ-ಬರ್ಡ್ ತಾಣವು ಅಪಾಯದಲ್ಲಿರುವ ಕೆಲವು ಪ್ರಭೇದಗಳ ನಿಖರ ಸ್ಥಳವನ್ನು ಮುಚ್ಚಿಡುತ್ತದೆ. ನೆನಪಿಡಿ, ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮುಂದಿನ ಸಲ ಏನು ಮಾಡಬೇಕು?

• ಹಕ್ಕಿಯ ಹೆಸರು, ಊರು, ಫೋಟೋ ತೆಗೆದವರ ಹೆಸರು ಇದೆಯೇ ನೋಡಿ. ಮೂರೂ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.
• ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹಾಕಿ ಹುಡುಕಿ. ಹೆಸರು ಸಿಕ್ಕರೆ ಇ-ಬರ್ಡ್‌ನಲ್ಲಿ ಹೋಲಿಸಿ. ಹೆಸರಿಟ್ಟ ಪ್ರತಿ ಪ್ರಭೇದಕ್ಕೂ ಒಂದು ವೈಜ್ಞಾನಿಕ ಹೆಸರು ಇದ್ದೇ ಇರುತ್ತದೆ.
• ನೀವೇ ಅಪರೂಪದ ಹಕ್ಕಿಯ ಗೂಡು ಕಂಡರೆ, ಅದರ ಲೊಕೇಶನ್ ಗ್ರೂಪಿಗೆ ಹಾಕಬೇಡಿ.

ಹನ್ನೊಂದು ವರ್ಷ ಕಾಯಬೇಕಿಲ್ಲ. ಕಳಿಸುವ ಮುನ್ನ ಒಂದು ನಿಮಿಷ ಕೊಟ್ಟರೆ ಸಾಕು.