ಮುಚ್ಚಿದ ಬಾಯಿ ಆರೋಗ್ಯದ ಲಕ್ಷಣವಲ್ಲ

ಗಣಕಯಂತ್ರ ಎಚ್ಚರಗೊಳ್ಳುವ ಆ ಅರ್ಧ ನಿಮಿಷದಲ್ಲಿ ತೆರೆಯ ಮೇಲೆ ಏನಿರಬೇಕು? ಒಳಗೆ ನಡೆಯುತ್ತಿರುವುದನ್ನು ಸಾಲುಸಾಲಾಗಿ ಹೇಳುವ ಪಠ್ಯವೋ, ತಿರುಗುತ್ತಿರುವ ಒಂದು ಲಾಂಛನವೋ? ಜನಸಾಮಾನ್ಯರಿಗೆಂದು ಬರುವ ಹಲವು ಲಿನಕ್ಸ್ ವಿತರಣೆಗಳು ಎರಡನೆಯದರ ಕಡೆಗೇ ವಾಲಿವೆ. 2008ರ ಫೆಡೋರಾ 10ರಲ್ಲಿ ಬಂದ ಪ್ಲಿಮತ್ ಆ ಮುಸುಕಿಗೆ ಅಂದ ಕೊಟ್ಟಿತು. ಉಬುಂಟುವಿನ ಗ್ರಬ್ ಸಂರಚನೆಯಲ್ಲಿ ‘ಕ್ವಯಟ್ ಸ್ಪ್ಲ್ಯಾಶ್’ ಎಂಬೆರಡು ಪದಗಳು ನಾವು ಕೇಳದೆಯೇ ಬಂದು ಕೂತಿವೆ. ಇದು ಸೌಂದರ್ಯದ ಪ್ರಶ್ನೆಯಲ್ಲ, ಹೊಣೆಗಾರಿಕೆಯ ಪ್ರಶ್ನೆ ಎಂಬುದು ನಮ್ಮ ವಾದ.

ಎದುರುವಾದಿಗಳು ಯುನಿಕ್ಸ್ ಪರಂಪರೆಯನ್ನೇ ಸಾಕ್ಷಿಗೆ ಕರೆಯುತ್ತಾರೆ: ಹೇಳಲು ವಿಶೇಷವಿಲ್ಲದಾಗ ಪ್ರೋಗ್ರಾಂ ಸುಮ್ಮನಿರಬೇಕು. ಒಪ್ಪಿದೆವು. ಆದರೆ ಅದೇ ಪರಂಪರೆ ಫಲಿತಾಂಶಕ್ಕೊಂದು, ದೋಷಕ್ಕೊಂದು ಎಂದು ಎರಡು ಪ್ರತ್ಯೇಕ ಹರಿವುಗಳನ್ನೂ ಕಲ್ಪಿಸಿತು. ಆರಂಭಿಕ ಸ್ಕ್ರಿಪ್ಟ್ ಬರೆಯುವವರು ಎರಡನ್ನೂ ಒಟ್ಟಿಗೆ ‘ಡೆವ್ ನಲ್’ ಎಂಬ ತಳವಿಲ್ಲದ ಬಾವಿಗೆ ನೂಕಿದರೆ ಅದು ಮೌನವಲ್ಲ, ಬಾಯಿಗೆ ಬಟ್ಟೆ ತುರುಕಿದಂತೆ. ಮೌನ ಬಂಗಾರವಾಗುವುದು ಮಾತನಾಡಬಲ್ಲವನಿಗೆ ಮಾತ್ರ.

‘ಎಲ್ಲವೂ ದಾಖಲೆಯಲ್ಲಿರುತ್ತದೆ, ಆಮೇಲೆ ನೋಡಿಕೊಳ್ಳಿ’ ಎಂಬುದು ಇನ್ನೊಂದು ಸಮಾಧಾನ. ಯಂತ್ರ ಎದ್ದು ನಿಂತರೆ ಸರಿ. ಸಿಸ್ಟಮ್‌ಡಿಯ ಜರ್ನಲ್ ನಿಜಕ್ಕೂ ಉಪಕಾರಿ. ಮೂಲ ಡಿಸ್ಕೇ ಸಿಗದೆ ಅರ್ಧದಲ್ಲಿ ನಿಂತರೆ? ಬರೆದಿಡಲು ಜಾಗವಿಲ್ಲದ ದಾಖಲೆ ಯಂತ್ರದ ಸ್ಮೃತಿಯಲ್ಲಷ್ಟೇ ಉಳಿಯುತ್ತದೆ. ವಿದ್ಯುತ್ ತೆಗೆದೊಡನೆ ಅಳಿಯುತ್ತದೆ. ಆಗ ತೆರೆಯೊಂದೇ ಸಾಕ್ಷಿ. ಆ ಸಾಕ್ಷಿಯ ಮುಖಕ್ಕೇ ನಾವು ಲಾಂಛನ ಅಂಟಿಸಿದ್ದೇವೆ.

ಒಂದು ಕಚೇರಿಯಲ್ಲಿ ನಮಗೇ ಇದರ ಪಾಠವಾಯಿತು. ಹಠಾತ್ತನೆ ವಿದ್ಯುತ್ ಹೋಗಿ ಬಂದ ಮೇಲೆ ಯಂತ್ರ ಡಿಸ್ಕ್ ಪರಿಶೀಲನೆಯಲ್ಲಿ ತೊಡಗಿತ್ತು. ತೆರೆಯ ಮೇಲೆ ಲಾಂಛನವಷ್ಟೇ. ಕೆಟ್ಟು ನಿಂತಿದೆಯೆಂದು ಭಾವಿಸಿ ಗುಂಡಿಯೊತ್ತಿ ಆರಿಸಿದೆವು. ದುರಸ್ತಿಯಾಗುತ್ತಿದ್ದುದನ್ನು ನಮ್ಮ ಕೈಯಾರೆ ಕೆಡಿಸಿದೆವು. ‘ಪರಿಶೀಲನೆ ನಡೆದಿದೆ’ ಎಂಬ ಒಂದೇ ಸಾಲು ಕಂಡಿದ್ದರೆ ಕಾಯುತ್ತಿದ್ದೆವು.

ಆ ಇಂಗ್ಲಿಷ್ ಸಾಲುಗಳು ಸಾಮಾನ್ಯರಿಗೆ ಅರ್ಥವಾಗವು ಎನ್ನುವವರಿದ್ದಾರೆ. ಇಂಗ್ಲಿಷ್ ಎಂ.ಎ. ಓದಿದ ನಮಗೂ ಅವು ಅರ್ಧ ಅರ್ಥವಾಗವು. ಆದರೆ ಬಲ್ಲವರಿಗೆ ದೂರವಾಣಿಯಲ್ಲಿ ಓದಿ ಹೇಳಬಹುದು. ಲಾಂಛನವನ್ನು ಓದಿ ಹೇಳುವುದು ಹೇಗೆ?

ನಾವು ಬಯಸುವುದು ಗದ್ದಲವನ್ನಲ್ಲ. ಪ್ರತಿ ಸೇವೆಗೆ ಒಂದು ಸಾಲು ಸಾಕು: ಅದರ ಹೆಸರು, ಆರಂಭವಾಯಿತೋ ಇಲ್ಲವೋ ಎಂಬ ಮಾತು. ಉಳಿದ ವಿವರ ದಾಖಲೆಗೆ ಹೋಗಲಿ. ದೋಷವಂತೂ ತೆರೆಗೆ ಬರಲೇಬೇಕು. ವಿತರಕರು ಇದನ್ನು ಮಾಡುವವರೆಗೆ ಆ ಎರಡು ಪದಗಳನ್ನು ನಾವೇ ಅಳಿಸಿ ಗ್ರಬ್ ನವೀಕರಿಸೋಣ. ಮುಂದಿನ ಸಲ ಯಂತ್ರ ನಿಂತಾಗ ಎಲ್ಲಿ ನಿಂತಿತೆಂದಾದರೂ ತಿಳಿದೀತು.