ಮುಳುಗಡೆಯ ಮಾತುಕತೆಗೆ ಯಾರ್ಯಾರು ಕೂಡಬೇಕು?

ಬೀಳಗಿ, ಜಮಖಂಡಿ ಕಡೆಯ ಹೊಳೆಸಾಲಿನಲ್ಲಿ ಹೊಸ ಮನೆಗೆ ಪಾಯ ತೆಗೆಯುವ ಮುಂಚೆ ಒಂದು ಪ್ರಶ್ನೆ ಏಳುತ್ತದೆ: 524ಕ್ಕೆ ಈ ಜಾಗ ಮುಳುಗುತ್ತದೋ, ಉಳಿಯುತ್ತದೋ?

ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಒಪ್ಪಿದ್ದು 2010ರಲ್ಲಿ. ಅಲ್ಲಿ ವಾದಿಸಿದವು ರಾಜ್ಯಗಳು. ಹೊಲ ಕಳೆದುಕೊಳ್ಳುವವನಿಗೆ ಕುರ್ಚಿ ಇರಲಿಲ್ಲ. ಪರಿಹಾರದ ವಿಷಯದಲ್ಲಿ ಮಾತ್ರ ರೈತ ಮುಖಂಡರು, ಜನಪ್ರತಿನಿಧಿಗಳ ಜೊತೆ ಕೂತು ಮಾತಾಡಿದ ಮೇಲೆ, 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟ ಮುಳುಗಡೆ ಭೂಮಿಗೆ ದರ ಕಟ್ಟಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ.

ಎಲ್ಲರನ್ನೂ ಕೂಡಿಸಿದರೆ ಕೆಲಸ ಕೆಡುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವರ್ಷ ಕಳೆದಂತೆ ನೀರಿನ ಮಟ್ಟ ಏರಿಸುವ ಯೋಜನೆಯ ಖರ್ಚು ಏರಿದೆ. ನೀರಿಗಾಗಿ ಕಾದಿರುವ ವಿಜಯಪುರ, ಕೊಪ್ಪಳದ ಒಣಹೊಲಗಳು ಕಾಯುತ್ತಲೇ ಇವೆ. ನದಿಯ ಮೇಲ್ಭಾಗದಲ್ಲಿರುವ ಮಹಾರಾಷ್ಟ್ರದ ಸಾಂಗಲಿಯವರನ್ನು ಕರೆದರೆ ನೆರೆಯ ಭಯ ಹೇಳಿ ಬೇಡವೆನ್ನುತ್ತಾರೆ. 2019ರ ನೆರೆಗೆ ಆಲಮಟ್ಟಿ ಕಾರಣವಲ್ಲವೆಂದು ಮಹಾರಾಷ್ಟ್ರವೇ ನೇಮಿಸಿದ ವಡ್ನೇರೆ ಸಮಿತಿ ಹೇಳಿದರೂ ಆ ಭಯ ಹೋಗಿಲ್ಲ. (ಅದೇ ವರ್ಷ ಘಟಪ್ರಭೆ ಉಕ್ಕಿದ್ದನ್ನು ಕಂಡ ಮುಧೋಳದವರು ಆ ಭಯಕ್ಕೆ ನಗಲಾರರು.)

ಆದರೆ ಮಾತಿಲ್ಲದೆ ಕಟ್ಟಿದ ದರವೇನೂ ಅಗ್ಗವಾಗಲಿಲ್ಲ. ಯೋಜನೆಯ ಹಿಂದಿನ ಹಂತಗಳಲ್ಲಿ ಪರಿಹಾರ ಸಾಲದೆಂದು ಜನ ಕೋರ್ಟ್ ಹತ್ತಿದರು. ಹೆಚ್ಚಿನ ಪರಿಹಾರದ ಜೊತೆ ಬಡ್ಡಿಯನ್ನೂ ಸರ್ಕಾರ ತೆರಬೇಕಾಯಿತು. ಈಗಿನ ಒಪ್ಪಿತ ದರ ಹುಟ್ಟಿದ್ದೇ ಆ ಪೆಟ್ಟಿನಿಂದ.

ಇಂಥಲ್ಲಿ ಚಿಕ್ಕಪಡಸಲಗಿಯ ಹೆಸರು ಬಂದೇ ಬರುತ್ತದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು, ಕೂಡಿ ಮಾತಾಡಿದರೆ ಆಗದ್ದೇನು ಎನ್ನುತ್ತಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಅಲ್ಲಿ ದುಡ್ಡು ಹಾಕಿದವನಿಗೇ ನೀರು ಬಂತು. ಇಲ್ಲಿ ಮುಳುಗುವವನೊಬ್ಬ, ನೀರುಣ್ಣುವವನೊಬ್ಬ.

ನನಗೆ ಕಾಣುವ ಕೊರತೆ ಬೇರೆ. ಈ ಮಾತುಕತೆ ಜಮೀನಿನ ಉತಾರದಲ್ಲಿ ಹೆಸರಿದ್ದವರ ಸುತ್ತಲೇ ತಿರುಗಿತು. ಪಾಲಿಗೆ ಹೊಲ ಮಾಡುವವರು, ಕಬ್ಬು ಕಡಿಯುವ ಕೂಲಿಗಳು, ಊರಿನ ಗಿರಾಕಿ ನಂಬಿದ ಬಡಿಗ, ಕಂಬಾರರಿಗೆ ಎಕರೆಯ ಲೆಕ್ಕ ಅನ್ವಯಿಸದು. ದರದ ಮಾತನ್ನು ಮತ್ತೆ ಬಿಚ್ಚುವುದು ಬೇಡ, ಅದು ಮುಗಿಯಲಿ. ಆದರೆ ಪುನರ್ವಸತಿ ಕೇಂದ್ರದ ನಕ್ಷೆ ಎಳೆಯುವ ಮುಂಚೆ ಅಧಿಕಾರಿಗಳು ಊರ ಗುಡಿಯ ಕಟ್ಟೆಗೆ ಒಂದು ದಿನ ಬಂದು ಇವರನ್ನೂ ಕೇಳಲಿ.