ಮಿಂಚು ಬಡಿಯುವುದಿಲ್ಲ



ಮೊನ್ನೆ ಸಂಜೆ ಯಲಹಂಕದಲ್ಲಿ ಮಳೆಗೆ ಮುನ್ನ ಆಕಾಶ ಫಳಕ್ಕನೆ ಬೆಳಗಿತು. "ತಾತ, ನಮ್ಮ ತೆಂಗಿನ ಮರಕ್ಕೆ ಮಿಂಚು ಹೊಡೆಯುತ್ತಾ?" ಎಂದಳು ಮೊಮ್ಮಗಳು. "ಹೊಡೆಯುವುದು ಸಿಡಿಲಮ್ಮ, ಮಿಂಚಲ್ಲ" ಎಂದೆ. ನಿವೃತ್ತನಾದರೂ ಮೇಷ್ಟರ ಚಾಳಿ ಬಿಡದು.

ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಎರಗುವುದು ಸಿಡಿಲು. ಇಂಗ್ಲಿಷಿನ ‘ಲೈಟ್ನಿಂಗ್’ ಎಂಬ ಒಂದೇ ಪದ ಬೆಳಕನ್ನೂ ಬಡಿತವನ್ನೂ ಸೂಚಿಸುತ್ತದೆ. ಅದನ್ನು ಎಲ್ಲೆಡೆಯೂ ‘ಮಿಂಚು’ ಎಂದೇ ಅನುವಾದಿಸಿದರೆ ಎಚ್ಚರಿಕೆಯ ಮಾತು ಮೊನಚು ಕಳೆದುಕೊಳ್ಳುತ್ತದೆ. ಹೊಲದಲ್ಲಿರುವ ರೈತನಿಗೆ ‘ಮಿಂಚು ಬರಬಹುದು’ ಎಂದರೆ ಆತ ತಲೆಯೆತ್ತಿ ನೋಡಿ ಸುಮ್ಮನಾದಾನು. ‘ಸಿಡಿಲು ಬಡಿಯಬಹುದು’ ಎಂದರೆ ಮನೆ ಸೇರುತ್ತಾನೆ. ನಮ್ಮ ಯಲಹಂಕದಲ್ಲೇ ಇರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಮುನ್ನೆಚ್ಚರಿಕೆಯ ಆ್ಯಪ್‌ಗೆ ‘ಸಿಡಿಲು’ ಎಂದೇ ಹೆಸರಿಟ್ಟಿರುವುದು ಸರಿಯಾದ ಆಯ್ಕೆ.

ಮಿಕ್ಕೆರಡು ಪದಗಳಿಗೂ ಕೆಲಸವಿದೆ. ತರಗತಿಯಲ್ಲಿ ಹೇಳಿಕೊಟ್ಟ ಲೆಕ್ಕ ನೆನಪಿದೆಯೇ? ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಬೇಕು. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಮರದಡಿ ನಿಲ್ಲದೆ ಒಳಗೆ ಬರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಹೋಗಬಾರದು.

ಮಿಂಚು ತಿಳಿಸುತ್ತದೆ, ಗುಡುಗು ದೂರ ಅಳೆಯುತ್ತದೆ, ಸಿಡಿಲು ಕೊಲ್ಲುತ್ತದೆ. ನಿಮ್ಮ ಮಕ್ಕಳಿಗೆ ಮೂರನ್ನೂ ಬೇರೆಬೇರೆಯಾಗಿಯೇ ಕಲಿಸಿ. ಇದು ಬರಿಯ ವ್ಯಾಕರಣದ ಹಟವಲ್ಲ.